ಗುಲಾಬಿ ಬಣ್ಣದ ನೇಗಿಲು

“ಎತ್ತು ಎಲ್ಲಿ ಮಾವ?” ಎಂದು ದೇವರಾಜ್ ಕೇಳಿದಾಗ ಚಿಕ್ಕಬೈರಪ್ಪ ಅಳಿಯನ ಹೆಗಲನ್ನೇ ನೋಡಿದರು. ಅವನಿಗೆ ಅರ್ಥವಾಗುವಷ್ಟರಲ್ಲಿ ಹೆಂಡತಿ ಜ್ಯೋತಿಲಕ್ಷ್ಮಿ ಹಬ್ಬದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಾಗಿತ್ತು.

ಯುಗಾದಿಯ ಬೆಳಿಗ್ಗೆ. ಹದಿನೈದು ದಿನದಿಂದ ಮೂವರೂ ಸೇರಿ, ಅಟ್ಟದ ಮೇಲೆ ಬಿದ್ದಿದ್ದ, ಚಿಕ್ಕಬೈರಪ್ಪನವರ ಅಪ್ಪನ ಕಾಲದ ನೇಗಿಲನ್ನು ರಿಪೇರಿ ಮಾಡಿದ್ದರು. ನೇಗಿಲನ್ನು ನೊಗಕ್ಕೆ ಸೇರಿಸುವ, ಗೆದ್ದಲು ತಿಂದಿದ್ದ ಉದ್ದನೆಯ ಈಸಿನ ಬದಲು, ಬಾಡಿಗೆ ಮನೆಗಳ ನಲ್ಲಿ ಕೆಲಸದಲ್ಲಿ ಮಿಕ್ಕಿದ್ದ ಕಬ್ಬಿಣದ ಪೈಪು ಬಂದಿತ್ತು. ಮಣ್ಣು ಸೀಳುವ, ಸೊಟ್ಟಗಾಗಿದ್ದ ಕುಳವನ್ನು ದೇವರಾಜ್ ಬೊಮ್ಮಸಂದ್ರದ ಲೇತ್ ಅಂಗಡಿಗೆ ಒಯ್ದು ನೆಟ್ಟಗೆ ಮಾಡಿಸಿದ್ದ. ಬಣ್ಣ ಮಗಳು ಜ್ಯೋತಿಲಕ್ಷ್ಮಿಯದು: ಮೂರನೇ ಮಹಡಿಗೆ ಹೊಡೆದು ಉಳಿದಿದ್ದ ಗುಲಾಬಿ.

ಹಬ್ಬದ ದಿನ ಹೊಲಕ್ಕೆ ಮೊದಲ ಸಾಲು ಹೊಡೆಯುವುದೇ ಹೊನ್ನೇರು. ಅಪ್ಪ ಹೋದ ಮೇಲೆ ಇಪ್ಪತ್ತು ವರ್ಷ ಚಿಕ್ಕಬೈರಪ್ಪ ಅದನ್ನು ಕಟ್ಟಿರಲಿಲ್ಲ. ಬೇಗೂರಿನ ಹೊಲದ ಮೇಲೆ ಅವರದೇ ಮೂರು ಮಹಡಿಯ ಬಾಡಿಗೆ ಮನೆಗಳೆದ್ದಿದ್ದವು. ವರ್ಷವಿಡೀ ಅದಕ್ಕೆ ಖುಷಿಯೇ, ಯುಗಾದಿ ಬಂದಾಗ ಮಾತ್ರ ಅಪ್ಪನ ಫೋಟೋದ ಮುಂದೆ ನಿಲ್ಲಲು ನಾಚಿಕೆ. ಈ ಸಲ ಒಂದಾದರೂ ಉದ್ದನೆಯ ಸಾಲು ಎಳೆಯಲೇಬೇಕೆಂದು ಹಟ ತೊಟ್ಟಿದ್ದರು. ಆದರೆ ಕಾಂಕ್ರೀಟು ಬೀಳದೆ ಉಳಿದಿದ್ದದ್ದು ಗೇಟಿನ ಹೊರಗಿನ ಹತ್ತಡಿ ಮಣ್ಣು. ಅಲ್ಲಿ ನಿಜವಾದ ಎತ್ತು ಹೂಡಿದರೆ ನೇಗಿಲಿಗೇ ಜಾಗವಿರುತ್ತಿರಲಿಲ್ಲ.

“ಬಲಗಡೆ ನೀವು ಅಳಿಯಂದ್ರೇ, ಎಡಗಡೆ ಮಗಳು. ಎಳೀರಿ!”

“ಅಪ್ಪಾ, ಇವ್ರು ಎಳೀತಾನೇ ಇಲ್ಲ, ಸುಮ್ನೆ ನಡೀತಾವ್ರೆ!”

“ಎಳೀತಿದ್ದೀನಿ ಕಣೇ! ನೀನೇ ಆ ಕಡೆ ವಾಲ್ತಿದ್ಯ.”

“ಜಗಳ ಆಡ್ಬೇಡ್ರಪ್ಪ. ನಮ್ಮೆತ್ಗಳು ಒಂದಿನಾನೂ ಇಂಗೆ ಮಾತಾಡ್ದೋವಲ್ಲ!”

ಕುಳ ಮಣ್ಣಿಗೆ ಕಚ್ಚಿತು. ಒಂದಡಿ, ಎರಡಡಿ, ಐದಡಿ. ಹಸಿ ಮಣ್ಣಿನ ವಾಸನೆಗೆ ಮುದುಕರ ಕಣ್ಣು ತುಂಬಿಬಂತು. ಅಷ್ಟರಲ್ಲಿ ನೇಗಿಲು ಸಿಕ್ಕಿಕೊಂಡಿತು. “ಬೇರು ಇರ್ಬೇಕು, ಜೋರಾಗಿ ಜಗ್ಗಿ!” ಎಂದರು. ಗಂಡ ಹೆಂಡತಿ ಉಸಿರು ಕಟ್ಟಿ ಜಗ್ಗಿದರು. ಫಟ್ಟೆಂದು ಏನೋ ಕಿತ್ತು ಬಂದು, ಇಬ್ಬರೂ ಮುಗ್ಗರಿಸಿದರು. ಕುಳದ ತುದಿಯಲ್ಲಿ ಕಪ್ಪನೆಯ ಕೇಬಲ್ ನೇತಾಡುತ್ತಿತ್ತು.

ಮೂರೂ ಮಹಡಿಯ ಬಾಲ್ಕನಿಗಳಲ್ಲಿ ತಲೆಗಳು ಮೂಡಿದವು. “ಅಂಕಲ್, ನೆಟ್ ಹೋಯ್ತು!”

ಚಿಕ್ಕಬೈರಪ್ಪ ಮೋರಿ ಕಲ್ಲಿನ ಮೇಲೆ ಕುಸಿದು ಕುಳಿತರು. ಇಪ್ಪತ್ತು ವರ್ಷ ಕಾದು ಉತ್ತದ್ದು ಐದಡಿ, ಅದರಲ್ಲೂ ಊರವರ ಶಾಪ. ಅವರಿಗೆ ಅಳು ಬರುವಂತಾಯಿತು.

ಅರ್ಧ ಗಂಟೆಯಲ್ಲಿ ಕೇಬಲಿನವನು ಬೈಕಿನಲ್ಲಿ ಬಂದು ತಲೆ ಚಚ್ಚಿಕೊಂಡ. “ಪೂರಾ ಕಿತ್ಕೊಂಡೈತಲ್ಲ ಯಜಮಾನ್ರೇ! ಆ ಕಂಬದವರೆಗೂ ಹೊಸ ಲೈನ್ ಹಾಕ್ಬೇಕು. ರಸ್ತೆ ಪಕ್ಕ ನೂರೈವತ್ತು ಅಡಿ ಅಗೀಬೇಕು. ಹಬ್ಬದ ದಿನ ಆಳು ಎಲ್ಲಿಂದ ತರ್ಲಿ?”

ಚಿಕ್ಕಬೈರಪ್ಪ ತಟ್ಟನೆ ಎದ್ದು ಪಂಚೆ ಎತ್ತಿ ಕಟ್ಟಿದರು. “ನೂರೈವತ್ತು ಅಡೀನಾ? ಆಳು ಯಾಕಪ್ಪ, ನಾವಿಲ್ವಾ? ಮಗಳೇ, ನೊಗ ಎತ್ತು. ಅಳಿಯಂದ್ರೇ, ಒಬ್ಬಟ್ಟು ಆಮೇಲೆ ತಿನ್ನೋವಂತೆ!”

ದೇವರಾಜ್ ಅಷ್ಟರಲ್ಲಾಗಲೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಕಡಿದ ಕೇಬಲಿನ ಎರಡು ತುದಿಗಳನ್ನು ಬರಿಗೈಯಲ್ಲೇ ಹೊಸೆದು ಸೇರಿಸಲು ಒದ್ದಾಡುತ್ತಿದ್ದ.