ಸವತಿಯ ಹಸಿರು ಕಾಯಿಗಳು

ಕಾಲರಾದಲ್ಲಿ ಹಂಪಮ್ಮ ತೀರಿಕೊಂಡ ಹನ್ನೆರಡನೆಯ ದಿನ, ಮಾನ್ವಿಯ ಮನೆಯ ಪಡಸಾಲೆಯಲ್ಲಿ ಕೂತು ಅವಳ ಸವತಿ ಗುರುಶಾಂತಮ್ಮ ಪಗಡೆಯ ಕಾಯಿಗಳಿಗೆ ಕುಸುಬಿ ಎಣ್ಣೆ ಹಚ್ಚಿ ಒರೆಸುತ್ತಿದ್ದಳು.

“ಅತ್ತೀ, ಇನ್ನ ಯಾರು ಆಡೋರದಾರ? ಗಂಟು ಕಟ್ಟಿ ಅಟ್ಟದ ಮ್ಯಾಲ ಇಡ್ರಿ,” ಎಂದಳು ಸೊಸೆ.

“ಇಪ್ಪತ್ತು ವರ್ಷ ನಾವಿಬ್ಬರೂ ಬಾಯಿ ಬಿಟ್ಟಿದ್ದು ಈ ಹಾಸಿನ ಮುಂದ ಅಷ್ಟ. ಅದೂ ಬಿದ್ದ ಗರ ಹೇಳಾಕ. ಬ್ಯಾರೆ ಒಂದು ಮಾತು ಆಡಲಿಲ್ಲ ನಾನು.”

ಹಂಪಮ್ಮನ ಹಸಿರು ಕಾಯಿಗಳ ಬಣ್ಣ ಅವಳ ಬೆರಳು ತಾಗಿ ತಾಗಿ ಸವೆದಿತ್ತು. ಗುರುಶಾಂತಮ್ಮ ಅವನ್ನು ಎರಡೆರಡು ಸಲ ಮೆಲ್ಲಗೆ ಒರೆಸಿದಳು. ಹಾಸು ಕೊಡವಿ ಬಿಡಿಸಿ, ಇಬ್ಬರ ಕಾಯಿಗಳನ್ನೂ ಹೂಡಿದಳು. ಆಮೇಲೆ ಬರಿದಾದ ಅಡುಗೆಮನೆಯತ್ತ ತಿರುಗಿ, ಹಂಪಮ್ಮ ಬದುಕಿದ್ದಾಗ ಒಮ್ಮೆಯೂ ಕರೆಯದ ಹಾಗೆ ಕರೆದಳು.

“ತಂಗೀ, ಬಾರವ್ವಾ. ಕಾಯಿ ಹೂಡೀನಿ.”