ಮಾರಮ್ಮನ ಗುಡಿಯ ನೇರಕ್ಕೆ

"ಅಜ್ಜೀ, ಇಲ್ಲೇನಾ?" ಹರಿಗೋಲು ನಿಲ್ಲಿಸಿ ಮೇನಕಾ ಕೇಳಿದಳು. ಮನೆಯ ಯಾವುದೇ ಮದುವೆಯ ಮೊದಲ ಪತ್ರಿಕೆಯನ್ನು ಮೇಟೂರು ಅಣೆಕಟ್ಟಿನ ನೀರಲ್ಲಿ ಮುಳುಗಿದ ಹಳೇ ಊರಿನ ಮಾರಮ್ಮನಿಗೆ, ಅವಳ ಗುಡಿಯ ನೇರಕ್ಕೇ ಬಿಡಬೇಕು. ಎರಡು ಬೆಟ್ಟದ ತುದಿಗಳು ಒಂದಾಗಿ ಕಾಣುವ ಆ ಜಾಗವನ್ನು ಬಲ್ಲವಳು ಈಗ ಅಜ್ಜಿ ಗುಂಡಮ್ಮ ಒಬ್ಬಳೇ.

ಇವತ್ತು ಗುಂಡಮ್ಮನಿಗೆ ಬೆಟ್ಟಗಳೇ ಕಾಣಲಿಲ್ಲ, ಪೊರೆಗಟ್ಟಿದ ಕಣ್ಣಿಗೆ ಬರೀ ಬೆಳ್ಳಗಿನ ಮಸುಕು. ಹೇಳಿದರೆ ಮೊಮ್ಮಗಳ ಮದುವೆಗೆ ಅಪಶಕುನವೆಂದು ಹೆದರಿದಳು.

"ಇಲ್ಲೇ ಕಣಮ್ಮಿ, ಬುಡು."

ಪತ್ರಿಕೆ ನೀರಿಗೆ ಬಿತ್ತು. ಕೈಮುಗಿದ ಮೇನಕಾ ಫೋನ್ ತೆಗೆದು ಒತ್ತಿದಳು. "ಲೊಕೇಶನ್ ಸೇವ್ ಮಾಡ್ಬುಟ್ಟೆ ಅಜ್ಜಿ, ಇನ್ ಕವಲೈ ಇಲ್ಲೆ, ಚಿಂತೆ ಬುಡು. ನೀನಿಲ್ದಿದ್ರೂ ನಮ್ ಮಕ್ಳು ಮೊಮ್ಮಕ್ಳು ಕರೆಕ್ಟಾಗಿ ಇಲ್ಲಿಗೇ ಬತ್ತಾರೆ."

ಗುಂಡಮ್ಮ ಬಾಯಿ ತೆರೆದಳು. ಮೇನಕಾ ಆಗಲೇ ಹರಿಗೋಲನ್ನು ದಡದತ್ತ ತಿರುಗಿಸಿದ್ದಳು.