ಜುಬ್ಬಾದ ಒಳಜೇಬು

ಮರಳು ದಂಧೆಯವರ ವಿರುದ್ಧ ಸಾಕ್ಷಿ ಹೇಳಿದವನಿಗೆ ಆರು ತಿಂಗಳ ಓಡಾಟದ ನಂತರ ಪಿಸ್ತೂಲಿನ ಲೈಸೆನ್ಸ್ ಸಿಕ್ಕಿತು. ಅಂಗಡಿಗೆ ಹೆಂಡತಿಯೂ ಜೊತೆಗೆ ಬಂದಳು.

"ಇದು ಸಣ್ಣದಾದ್ರೂ ಪೂರಾ ಲೋಹದ್ದು, ಭಾರ ಐತ್ರಿ. ಫೈಬರಿಂದು ಹಗುರ," ಎಂದ ಅಂಗಡಿಯವನು.

"ಭಾರದ್ದೇ ಕೊಡ್ರಿ," ಎಂದಳು ಅವಳು. "ಮ್ಯಾಲಿಂದ ಯಾರಿಗೂ ಕಾಣಬಾರ್ದು. ಆದ್ರ ನಾ ಮುಟ್ಟಿ ನೋಡಿದ್ರ ಐತೋ ಇಲ್ಲೋ ಗೊತ್ತಾಗಬೇಕು."

ಗಂಡ ನಕ್ಕ. ಅವನ ಜುಬ್ಬಾಗಳಿಗೆಲ್ಲ ಅವಳೇ ಒಳಜೇಬು ಹೊಲಿದಳು. ದಿನಾ ಬೆಳಿಗ್ಗೆ ಅವನನ್ನು ಹೊಸ್ತಿಲಲ್ಲಿ ನಿಲ್ಲಿಸಿ ಆ ಜೇಬನ್ನು ಒತ್ತಿ ನೋಡುತ್ತಿದ್ದಳು. ಗಟ್ಟಿಯಾದದ್ದು ಕೈಗೆ ತಾಗಿದ ಮೇಲೆಯೇ "ಹೋಗಿ ಬರ್ರಿ" ಎನ್ನುತ್ತಿದ್ದಳು.

ಚುನಾವಣೆಗೆ ಇನ್ನು ಹತ್ತು ದಿನವಿದೆ ಎನ್ನುವಾಗ, ಹಾಡಹಗಲೇ ಬಸ್ ನಿಲ್ದಾಣದಲ್ಲಿ ಅವನನ್ನು ಕಡಿದು ಹಾಕಿದರು.

"ಪಿಸ್ತೂಲ್ ಇತ್ತಲ್ರಿ, ಯಾಕ ತೆಗೀಲಿಲ್ಲ?" ಆಸ್ಪತ್ರೆಯಲ್ಲಿ ಅವಳು ಒಂದೇ ಸಮನೆ ಕೇಳುತ್ತಿದ್ದಳು. "ಬೆಳಿಗ್ಗೆ ನಾನೇ ಮುಟ್ಟಿ ನೋಡೀನಿ."

ಪೇದೆ ಜುಬ್ಬಾದ ಒಳಜೇಬಿನಲ್ಲಿ ಸಿಕ್ಕ ಪೊಟ್ಟಣವನ್ನು ಅವಳೆದುರು ಬಿಚ್ಚಿದ. ಸುತ್ತಿದ್ದ ಕಾಗದ ಠಾಣೆಯ ರಸೀದಿ: "ಚುನಾವಣೆ ಮುಗಿಯುವವರೆಗೆ ಪಿಸ್ತೂಲನ್ನು ಠಾಣೆಯಲ್ಲಿ ಜಮಾ ಮಾಡಿಸಿಕೊಳ್ಳಲಾಗಿದೆ."

ಒಳಗಿದ್ದದ್ದು ಮನೆಯ ಹಳೇ ಕಬ್ಬಿಣದ ಬೀಗ.